ಗಿಫ್ಟ್ ಅಂತ ಕರೆದರೆ ಗಿಫ್ಟ್ ಆಗುತ್ತಾ? – ಕಂಟೆಂಟ್ ಕ್ರಿಯೇಟರ್, ಆದಾಯ ತೆರಿಗೆ ಮತ್ತು ಮನಸ್ಸಾಕ್ಷಿ

ಕೂತ್ಕೊಳ್ಳಿ ಎಲ್ಲರೂ.

ಇವತ್ತಿನ ವಿಷಯ ಸ್ಕ್ರೀನ್ ಮೇಲೆ ಬಂದ ತಕ್ಷಣ ಹಿಂದಿನ ಸಾಲಲ್ಲಿ ಸ್ವಲ್ಪ ನಗು ಕೇಳಿಸ್ತು. ಭಾನುವಾರ ಬೆಳಿಗ್ಗೆ ಇನ್‌ಕಮ್ ಟ್ಯಾಕ್ಸಾ ಪಾಸ್ಟರ್, ಅಂತ. ಆದರೆ ಸುವಾರ್ತೆಗಳನ್ನು ಓದಿದವರಿಗೆ ಇದು ಹೊರಗಿನ ವಿಷಯ ಅಲ್ಲ. ಯೇಸು ಮತ್ತಾಯನನ್ನು ಕರೆದದ್ದು ಸುಂಕದ ಕಟ್ಟೆಯಿಂದ. ಮಾಗಡಿ ರೋಡಿನ ಸುಂಕದಕಟ್ಟೆ ಕಡೆಯಿಂದ ಬರುವವರಿಗೆ ಆ ಪದ ಚೆನ್ನಾಗೇ ಗೊತ್ತು. ಜಕ್ಕಾಯನ ಮನೆಗೆ ಕರ್ತನು ತಾನಾಗಿಯೇ ಹೋದನು. ದೇವಾಲಯದ ತೆರಿಗೆ ಕೇಳಿದಾಗ ಪೇತ್ರನನ್ನು ಸಮುದ್ರಕ್ಕೆ ಕಳಿಸಿ, ಮೀನಿನ ಬಾಯಲ್ಲಿ ನಾಣ್ಯ ಸಿಗುತ್ತೆ, ಅದನ್ನು ಕೊಟ್ಟುಬಿಡು ಅಂದನು. ತೆರಿಗೆಯ ಸುತ್ತ ಇಷ್ಟು ಘಟನೆಗಳು ಸುಮ್ಮನೆ ಬಂದಿಲ್ಲ. ದುಡ್ಡು ಎಲ್ಲಿ ಬಚ್ಚಿಡ್ತೀವೋ ಅಲ್ಲಿ ಮನಸ್ಸೂ ಬಚ್ಚಿಟ್ಟುಕೊಂಡಿರುತ್ತೆ.

ಇವತ್ತು ನಾನು ಮಾತಾಡೋದು ಎಲ್ಲರ ತೆರಿಗೆ ಬಗ್ಗೆ ಅಲ್ಲ. ಕಂಪನಿಯಲ್ಲಿ ಕೆಲಸ ಮಾಡೋರಿಗೆ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕಟ್ ಆಗಿರುತ್ತೆ, ಅವರಿಗೆ ಸುಳ್ಳು ಹೇಳೋಕೆ ಜಾಗವೇ ಕಮ್ಮಿ. ನಾನು ಹೇಳ್ತಿರೋದು ರೂಮಿನಲ್ಲಿ ರಿಂಗ್ ಲೈಟ್ ಹಚ್ಚಿ ಕೂರುವ ನಮ್ಮ ತಮ್ಮಂದಿರಿಗೆ, ತಂಗಿಯರಿಗೆ. ಗೇಮಿಂಗ್ ಲೈವ್ ಮಾಡೋರು, ಅಡುಗೆ ರೀಲ್ಸ್ ಮಾಡೋರು, ಆರಾಧನೆ ಹಾಡು ಅಪ್‌ಲೋಡ್ ಮಾಡೋರು. ನಿಮ್ಮ ದುಡ್ಡು ಒಂದೇ ಕಡೆಯಿಂದ ಬರಲ್ಲ. ಯೂಟ್ಯೂಬ್‌ನಿಂದ ಜಾಹೀರಾತಿನ ಹಣ. ಇನ್‌ಸ್ಟಾಗ್ರಾಂನಲ್ಲಿ ಒಂದು ಬ್ರ್ಯಾಂಡ್. ಲೈವ್‌ನಲ್ಲಿ ಸೂಪರ್ ಚಾಟ್. ಕೊರಿಯರ್‌ನಲ್ಲಿ ಬಂದ ಹೆಡ್‌ಫೋನ್. ಯಾರೋ ಜಿಪೇ ಮಾಡಿದ 500 ರೂಪಾಯಿ. ಇಷ್ಟು ಚೂರುಚೂರಾಗಿ ಬಂದಾಗ ಇದನ್ನು ಸಂಪಾದನೆ ಅಂತ ಕರೆಯೋಕೆ ನಾಲಿಗೆ ಬರಲ್ಲ. ಅದಕ್ಕೆ ನಾವು ಬೇರೆ ಹೆಸರು ಇಡ್ತೀವಿ. ಹಾಬಿ. ಪಾಕೆಟ್ ಮನಿ. ಗಿಫ್ಟ್. ಸೇವೆ.

ನನ್ನ ಪ್ರಕಾರ ಕ್ರಿಯೇಟರ್‌ಗಳಿಗೆ ಇರೋ ನೈತಿಕ ಪ್ರಶ್ನೆ ಇದೇ. ಎಷ್ಟು ಕಟ್ಟಬೇಕು ಅನ್ನೋದು ಆಮೇಲೆ ಬರುತ್ತೆ, ಅದನ್ನು ಸಿಎ ಹೇಳ್ತಾರೆ. ಬಂದದ್ದಕ್ಕೆ ನೀನು ಏನಂತ ಹೆಸರಿಡ್ತೀಯ ಅನ್ನೋದನ್ನು ಮಾತ್ರ ಸಿಎ ಹೇಳೋಕಾಗಲ್ಲ, ಅದು ನಿನ್ನ ಬಾಯಿಂದ ಬರಬೇಕು.

ಹೆಡ್‌ಫೋನಿಂದಲೇ ಶುರು ಮಾಡೋಣ. 2022ರ ಜುಲೈ 1ರಿಂದ ಒಂದು ನಿಯಮ ಇದೆ. ನಿಮ್ಮ ವೃತ್ತಿಯ ಕಾರಣಕ್ಕೆ ಯಾವುದಾದರೂ ಕಂಪನಿ ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಅಥವಾ ಸೌಲಭ್ಯ ಕೊಟ್ಟರೆ, ಅದರ ಮೇಲೆ ಶೇ. 10ರಷ್ಟು ತೆರಿಗೆ ಮೂಲದಲ್ಲೇ ಹೋಗಬೇಕು. ಸೆಕ್ಷನ್ 194ಆರ್ ಅಂತಾರೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬರೋದರಿಂದ ಈ ಸೆಕ್ಷನ್ ನಂಬರ್‌ಗಳೆಲ್ಲ ಬದಲಾಗುತ್ತವೆ, ಹಾಗಾಗಿ ನಂಬರ್ ಬಾಯಿಪಾಠ ಮಾಡಬೇಡಿ. ಆ ನಿಯಮ ಬಂದಾಗ ಇನ್‌ಫ್ಲುಯೆನ್ಸರ್‌ಗಳಿಗೆ ವಿಮರ್ಶೆಗೆ ಅಂತ ಕೊಡೋ ಫೋನ್, ಬಟ್ಟೆ, ಮೇಕಪ್ ಏನಾಗುತ್ತೆ ಅಂತ ಪ್ರಶ್ನೆ ಬಂತು. ನೇರ ತೆರಿಗೆ ಮಂಡಳಿ ಸುತ್ತೋಲೆಯಲ್ಲಿ ಉತ್ತರ ಕೊಟ್ಟಿತು. ವಿಡಿಯೋ ಮಾಡಿ ವಾಪಸ್ ಕೊಟ್ಟರೆ ಅದು ಲಾಭ ಅಲ್ಲ. ಇಟ್ಟುಕೊಂಡರೆ ಲಾಭ.

ಈ ಎರಡು ಮಾತನ್ನು ಮೊದಲ ಸಲ ಓದಿದಾಗ ನನಗೆ ಆಶ್ಚರ್ಯ ಆಯ್ತು. ತೆರಿಗೆ ಇಲಾಖೆ ಎಷ್ಟು ಸರಳವಾದ ಪ್ರಶ್ನೆ ಕೇಳ್ತಿದೆ ನೋಡಿ: ಇದು ಈಗ ಯಾರ ಹತ್ತಿರ ಇದೆ? ಕವರ್ ಮೇಲೆ ಪಿಆರ್ ಪ್ಯಾಕೇಜ್ ಅಂತ ಬರೆದಿದ್ರೂ, ಪ್ರೀತಿಯಿಂದ ಅಂತ ಕಾರ್ಡ್ ಇಟ್ಟಿದ್ರೂ, ಪ್ರಶ್ನೆ ಬದಲಾಗಲ್ಲ.

ಇನ್ನು ಸೂಪರ್ ಚಾಟ್. ನೋಡೋರು 100 ರೂಪಾಯಿ ಕಳಿಸಿದರೆ ಯೂಟ್ಯೂಬ್ ಸುಮಾರು 30 ಇಟ್ಟುಕೊಂಡು 70 ನಿಮಗೆ ಕೊಡುತ್ತೆ. ಇಲ್ಲಿ ಒಂದು ವಾದ ಓಡಾಡ್ತಿದೆ. ಸಂಬಂಧಿಕರಲ್ಲದವರು ವರ್ಷಕ್ಕೆ ಒಟ್ಟು 50,000 ರೂಪಾಯಿ ತನಕ ಉಡುಗೊರೆ ಕೊಟ್ಟರೆ ತೆರಿಗೆ ಇಲ್ಲ ಅಂತ ಕಾನೂನೇ ಹೇಳುತ್ತಲ್ಲ, ಹಾಗಾದ್ರೆ ಇದೂ ಉಡುಗೊರೆನೇ ಅಲ್ವಾ ಅಂತ. ಬುದ್ಧಿವಂತರ ವಾದ. ಒಂದು ಪರೀಕ್ಷೆ ಮಾಡಿ. ನೀನು ಆ ರಾತ್ರಿ ಲೈವ್ ಬರದೇ ಇದ್ದಿದ್ದರೆ ಅವರು ಆ ದುಡ್ಡು ಕಳಿಸ್ತಿದ್ರಾ? ನಿನ್ನ ಹುಟ್ಟುಹಬ್ಬಕ್ಕೆ ದೊಡ್ಡಮ್ಮ 2,000 ಕಳಿಸ್ತಾರೆ. ನೀನು ಮಲಗಿದ್ರೂ ಕಳಿಸ್ತಾರೆ, ಕೆಲಸ ಇಲ್ಲದೇ ಇದ್ರೂ ಕಳಿಸ್ತಾರೆ. ಅದು ಗಿಫ್ಟ್. ಚಾನೆಲ್ ಇದೆ ಅಂತ ಬಂದದ್ದು ಚಾನೆಲ್ ಸಂಪಾದನೆ.

ಈಗ ನಮ್ಮ ಮನೆ ಒಳಗೇ ಬರ್ತೀನಿ. ಬೇಜಾರಾಗಬೇಡಿ.

ಆರಾಧನೆ ಚಾನೆಲ್ ಇರುವವರು, ಪ್ರವಾದನೆ ಲೈವ್ ಮಾಡುವವರು, ಕೆಳಗೆ ತಮ್ಮ ಸ್ವಂತ ನಂಬರ್ ಹಾಕ್ತಾರೆ. ದೇವರ ಸೇವೆಗೆ ಬಿತ್ತಿರಿ ಅಂತ ಬರೀತಾರೆ. ಆ ದುಡ್ಡು ಸ್ವಂತ ಖಾತೆಗೆ ಬರುತ್ತೆ, ಅದೇ ಖಾತೆಯಿಂದ ಬಾಡಿಗೆ ಹೋಗುತ್ತೆ, ಇಎಂಐ ಹೋಗುತ್ತೆ. ವರ್ಷದ ಕೊನೆಗೆ ಕೇಳಿದರೆ, ಅದು ನನ್ನದಲ್ಲ ಪಾಸ್ಟರ್, ದೇವರದು. ದೇವರದಾದರೆ ದೇವರ ಹೆಸರಲ್ಲಿ ಲೆಕ್ಕ ಇರಬೇಕು. ನೋಂದಣಿ ಆದ ಟ್ರಸ್ಟ್ ಇರಬೇಕು, ಟ್ರಸ್ಟ್‌ಗೆ ಬೇರೆ ಪ್ಯಾನ್, ಬೇರೆ ಖಾತೆ, ಬೇರೆ ಆಡಿಟ್. ನಿನ್ನ ಪ್ಯಾನ್‌ಗೆ ಜೋಡಿಸಿದ ಖಾತೆಗೆ ಬಂದು ನಿನ್ನ ಅಡುಗೆಮನೆಗೆ ಹೋದದ್ದು ನಿನ್ನ ಆದಾಯ. ಪಾಸ್ಟರ್‌ಗಳಿಗೂ ಇದೇ ಮಾತು. ಪ್ರಸಂಗಕ್ಕೆ ಹೋದಾಗ ಕವರ್‌ನಲ್ಲಿ ಕೊಡ್ತಾರಲ್ಲ, ಅದಕ್ಕೂ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹತ್ತಿರದ ಒಂದು ಪ್ರಶ್ನೆ ಇತ್ತು. ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಕ್ಯಾಥೊಲಿಕ್ ಸನ್ಯಾಸಿನಿಯರು, ಫಾದರ್‌ಗಳು ಬಡತನದ ವ್ರತ ತಗೊಂಡಿರ್ತಾರೆ, ಸಂಬಳವನ್ನು ತಮ್ಮ ಸಂಸ್ಥೆಗೇ ಕೊಟ್ಟುಬಿಡ್ತಾರೆ. ಹಾಗಿದ್ದರೂ ಅವರ ಸಂಬಳದಿಂದ ತೆರಿಗೆ ಕಡಿತ ಮಾಡಲೇಬೇಕು ಅಂತ ಕೋರ್ಟ್ ಹೇಳಿತು. ನಿಜವಾಗಿಯೂ ಒಂದು ರೂಪಾಯಿ ಇಟ್ಟುಕೊಳ್ಳದವರಿಗೇ ಹೀಗಾದರೆ, ಇಟ್ಟುಕೊಂಡಿರೋ ನಾವು ಯಾವ ಬಾಯಲ್ಲಿ ವಿನಾಯಿತಿ ಕೇಳೋದು?

ಸರಿ. ಈಗ ಭಯದ ವಿಷಯ. ಯುವಕರ ಜೊತೆ ಮಾತಾಡಿದಾಗ ನನಗೆ ಅನ್ನಿಸೋದು, ತುಂಬಾ ಜನ ಬಚ್ಚಿಡ್ತಿರೋದು ದುರಾಸೆಯಿಂದ ಅಲ್ಲ. ಗೊತ್ತಿಲ್ಲದೆ, ಹೆದರಿ. ರಿಟರ್ನ್ ಹಾಕಿದರೆ ಎಲ್ಲಾ ಕಿತ್ಕೊಂಡು ಹೋಗ್ತಾರೆ ಅಂತ ಅಂದುಕೊಂಡಿದ್ದಾರೆ. ಲೆಕ್ಕ ಮಾಡೋಣ, ಮೊಬೈಲ್‌ನಲ್ಲಿ ಬರ್ಕೊಳ್ಳಿ.

ಒಬ್ಬ ತಂಗಿ ಇದ್ದಾಳೆ ಅಂತಿಟ್ಕೊಳ್ಳಿ. ವರ್ಷಕ್ಕೆ ಯೂಟ್ಯೂಬ್ ಜಾಹೀರಾತಿನಿಂದ 3,60,000. ಒಂದು ಬ್ರ್ಯಾಂಡ್‌ನಿಂದ 2,50,000, ಅದರಲ್ಲಿ ಅವರು ಶೇ. 10 ಅಂದರೆ 25,000 ಟಿಡಿಎಸ್ ಹಿಡಿದಿದ್ದಾರೆ. ಇಟ್ಟುಕೊಂಡ ಫೋನಿನ ಬೆಲೆ 45,000. ಒಟ್ಟು 6,55,000. ಎಡಿಟ್ ಮಾಡೋ ಹುಡುಗನಿಗೆ ಕೊಟ್ಟದ್ದು, ಇಂಟರ್ನೆಟ್, ಸಾಫ್ಟ್‌ವೇರ್, ಶೂಟಿಂಗ್‌ಗೆ ಓಡಾಟ, ಎಲ್ಲಾ ಸೇರಿ ನಿಜವಾದ ಖರ್ಚು 1,20,000. ಉಳಿದದ್ದು 5,35,000. ಬೇರೆ ಆದಾಯ ಇಲ್ಲ. 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ರಿಬೇಟ್ ಸಿಗುತ್ತೆ. ಅವಳು ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೆ ಆದಾಯ 4 ಲಕ್ಷ ದಾಟಿರೋದರಿಂದ ರಿಟರ್ನ್ ಹಾಕೋದು ಕಡ್ಡಾಯ. ಹಾಕಿದರೆ ಆ 25,000 ವಾಪಸ್ ಬರುತ್ತೆ. ಹಾಕದೇ ಬಚ್ಚಿಟ್ಟರೆ ಕಾನೂನೂ ಮುರಿದಳು, ತನ್ನ ದುಡ್ಡನ್ನೂ ಕಳ್ಕೊಂಡಳು.

ಇವಳ ಹತ್ತಿರ ಸರ್ಕಾರ ಕೇಳ್ತಿರೋದು ದುಡ್ಡನ್ನಲ್ಲ, ಸಾಕ್ಷಿಯನ್ನು. ಇಷ್ಟು ಬಂತು, ಇಂಥಲ್ಲಿಂದ ಬಂತು, ಇಷ್ಟು ಖರ್ಚಾಯ್ತು ಅಂತ ಒಂದು ಸತ್ಯವಾದ ಹೇಳಿಕೆ. ಬುಧವಾರದ ಕೂಟದಲ್ಲಿ ಮೈಕ್ ಹಿಡಿದು ಸಾಕ್ಷಿ ಹೇಳೋಕೆ ಹಿಂಜರಿಯದ ನಾವು ಇಲ್ಲಿ ಯಾಕೆ ಮೂಕರಾಗ್ತೀವಿ?

ಇನ್ನೊಬ್ಬ ತಮ್ಮ ಚೆನ್ನಾಗಿ ಬೆಳೆದಿದ್ದಾನೆ, ಖರ್ಚು ಕಳೆದು 15 ಲಕ್ಷ ಉಳಿಯುತ್ತೆ ಅನ್ನಿ. ಅವನ ತೆರಿಗೆ ಸೆಸ್ ಸೇರಿ 1,09,200. ದಶಮಾಂಶ ಎಷ್ಟು? ಒಂದೂವರೆ ಲಕ್ಷ. ಕೈಸರನು ಕರ್ತನಿಗಿಂತ ಕಮ್ಮಿ ಕೇಳ್ತಿದ್ದಾನೆ ನೋಡಿ. ಒಂದನ್ನು ಹಾಡಿ ಕುಣಿದು ಕೊಡ್ತೀವಿ, ಇನ್ನೊಂದಕ್ಕೆ ಅಮ್ಮನ ಜಿಪೇ ನಂಬರ್ ಕೊಡ್ತೀವಿ. ಅಮ್ಮನ ಖಾತೆಗೆ ಹಾಕಿಸಿದ ಮಾತ್ರಕ್ಕೆ ಸಂಪಾದನೆ ಅಮ್ಮನದಾಗಲ್ಲ, ಹೊಗೆಯಲ್ಲಿ ನಿಂತು ದೋಸೆ ಹುಯ್ದ ವಿಡಿಯೋದಲ್ಲಿ ಅಮ್ಮನೇ ಇದ್ದರೆ ಆ ಮಾತು ಬೇರೆ.

ದಶಮಾಂಶ ಕೊಟ್ಟಿದ್ದೀನಿ, ಅದನ್ನೇ ತೆರಿಗೆಯಲ್ಲಿ ಕಳೆಯಬಹುದಾ ಅಂತ ಕೆಲವರು ಕೇಳ್ತಾರೆ. ಒಂದು ಧರ್ಮದವರಿಗಾಗಿಯೇ ಇರುವ ಸಭೆಗೆ ಕೊಟ್ಟ ಕಾಣಿಕೆಗೆ ಸಾಮಾನ್ಯವಾಗಿ 80ಜಿ ಕಡಿತ ಸಿಗೋದಿಲ್ಲ, ಹೊಸ ಪದ್ಧತಿಯಲ್ಲಂತೂ ಆ ಕಡಿತವೇ ಇಲ್ಲ. ಅದು ಒಳ್ಳೇದೇ ಅಂತ ನನ್ನ ಅಭಿಪ್ರಾಯ. ದೇವರಿಗೆ ಕೊಟ್ಟದ್ದಕ್ಕೆ ರಿಯಾಯಿತಿ ಯಾಕೆ ಬೇಕು? ಕಮಿಷನ್ ತಗೊಂಡು ಸುಳ್ಳು ದೇಣಿಗೆ ರಸೀದಿ ತೋರಿಸಿ ರಿಫಂಡ್ ಕೊಡಿಸ್ತೀವಿ ಅನ್ನೋ ಏಜೆಂಟರು ಇದ್ದಾರೆ, ಅವರ ಹತ್ತಿರ ಹೋಗಬೇಡಿ.

ಆದರೆ ಇನ್ನೊಂದು ಕಡೆನೂ ಹೇಳಲೇಬೇಕು. ನ್ಯಾಯವಾದ ಖರ್ಚನ್ನು ಕಳೆಯೋದು ಪಾಪ ಅಲ್ಲ. ಕೆಲವು ವಿಶ್ವಾಸಿಗಳು ಅದಕ್ಕೂ ಅಳುಕ್ತಾರೆ, ತೆರಿಗೆ ಕಮ್ಮಿ ಮಾಡ್ಕೊಂಡ್ರೆ ಸುಳ್ಳು ಹೇಳಿದ ಹಾಗೆ ಅಂತ. ಅಲ್ಲ. ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳಿದಾಗ, ನೇಮಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂತ ಹೇಳಿದನು. ಅಂದರೆ ನೇಮಿಸಿದ್ದು ಎಷ್ಟೋ ಅಷ್ಟು. ಚಾನೆಲ್‌ಗಾಗಿಯೇ ಕ್ಯಾಮೆರಾ, ಕಂಪ್ಯೂಟರ್ ತಗೊಂಡಿದ್ದರೆ ಪ್ರತಿ ವರ್ಷ ಸವಕಳಿ ಕಳೆಯಬಹುದು, ಕಂಪ್ಯೂಟರ್‌ಗೆ ಶೇ. 40 ತನಕ ಇದೆ. ಮನೆಯವರೆಲ್ಲ ಬಳಸೋ ವೈಫೈ ಆದರೆ ಕೆಲಸಕ್ಕೆ ಬಳಸಿದ ಭಾಗ ಮಾತ್ರ. ಗೋವಾಗೆ ಫ್ರೆಂಡ್ಸ್ ಜೊತೆ ಹೋಗಿ ಒಂದು ರೀಲ್ ಹಾಕಿ ಪೂರ್ತಿ ಟ್ರಿಪ್ಪನ್ನು ಖರ್ಚು ಅಂತ ತೋರಿಸಿದರೆ, ಅದು ಮತ್ತೆ ಹೆಸರಿನ ಸುಳ್ಳು.

ಜಿಎಸ್‌ಟಿ ಬಗ್ಗೆ ಒಂದೇ ಮಾತು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು, ಬ್ರ್ಯಾಂಡ್ ಬಿಲ್‌ಗೆ ಶೇ. 18 ಸೇರಿಸಬೇಕು. ಬಿಲ್‌ನಲ್ಲಿ ಸೇರಿಸಿ ವಸೂಲಿ ಮಾಡಿ ಕಟ್ಟದೇ ಇಟ್ಟುಕೊಂಡರೆ ಅದು ತೆರಿಗೆ ಉಳಿಸಿದ್ದಲ್ಲ. ಇನ್ನೊಬ್ಬರ ದುಡ್ಡು ನಿನ್ನ ಜೇಬಲ್ಲಿದೆ.

ಅಮೆರಿಕದ ಫಾರ್ಮ್ ಬಗ್ಗೆಯೂ ಕೇಳ್ತಾರೆ. ನಿಮ್ಮ ಹಾಡನ್ನು ಡಲ್ಲಾಸ್‌ನಲ್ಲಿರೋ ಕನ್ನಡ ಕುಟುಂಬ ನೋಡಿದರೆ, ಆ ವೀಕ್ಷಣೆಯ ಹಣದ ಮೇಲೆ ಅಲ್ಲಿ ತೆರಿಗೆ ಇದೆ. 2021ರ ಜೂನ್‌ನಿಂದ ಗೂಗಲ್ ಅದನ್ನು ಹಿಡೀತಿದೆ. ತಿಂಗಳಿಗೆ 1,000 ಡಾಲರ್ ಬಂದು ಅದರಲ್ಲಿ 100 ಮಾತ್ರ ಅಮೆರಿಕದ ವೀಕ್ಷಕರಿಂದ ಅನ್ನಿ. ತೆರಿಗೆ ಮಾಹಿತಿ ಕೊಟ್ಟರೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಆ 100ಕ್ಕೆ ಶೇ. 15, ಅಂದರೆ 15 ಡಾಲರ್. ಕೊಡದೇ ಬಿಟ್ಟರೆ ಪೂರ್ತಿ 1,000ದ ಮೇಲೆ ಶೇ. 24 ತನಕ, ಅಂದರೆ 240 ಡಾಲರ್ ಹೋಗಬಹುದು. ಹತ್ತು ನಿಮಿಷದ ಫಾರ್ಮ್, ಸೋಮಾರಿತನ ಬಿಡಿ.

ಈಗ ಕಷ್ಟದ ಪ್ರಶ್ನೆ. ನಾನು ಕಟ್ಟಿದ ದುಡ್ಡಲ್ಲಿ ಏನ್ ಮಾಡ್ತಾರೆ ಪಾಸ್ಟರ್? ರೋಡ್ ನೋಡಿ, ಗುಂಡಿ ನೋಡಿ. ಭ್ರಷ್ಟಾಚಾರ ನೋಡಿ. ನಮ್ಮ ಜನರನ್ನು ಪ್ರಾರ್ಥನಾ ಕೂಟದಿಂದ ಎಬ್ಬಿಸಿ ಸ್ಟೇಷನ್‌ಗೆ ಕರ್ಕೊಂಡು ಹೋಗೋ ಕಾಲ ಇದು, ಅಂಥವರಿಗೆ ಯಾಕೆ ಕಟ್ಟಬೇಕು? ಇದು ಹುಡುಗಾಟದ ಪ್ರಶ್ನೆ ಅಲ್ಲ, ಕೋಪದಲ್ಲಿ ನ್ಯಾಯ ಇದೆ.

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದಲ್ಲಿ ತೆರಿಗೆ ಸಲ್ಲಬೇಕಾದವರಿಗೆ ತೆರಿಗೆ ಸಲ್ಲಿಸಿ ಅಂತ ಬರೆದಾಗ ಸಿಂಹಾಸನದ ಮೇಲೆ ಯಾರಿದ್ದ? ನೀರೋ. ಆ ಪತ್ರಿಕೆ ಸುಮಾರು ಕ್ರಿ.ಶ. 57ರದ್ದು ಅಂತ ಹೆಚ್ಚಿನ ಪಂಡಿತರ ಮಾತು. ಮರುವರ್ಷವೇ ಸುಂಕ ವಸೂಲಿ ಗುತ್ತಿಗೆದಾರರ ಸುಲಿಗೆ ವಿರುದ್ಧ ಜನ ದೂರಿದರು ಅಂತ ರೋಮಿನ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ಅಂದರೆ ಪೌಲನಿಗೆ ವ್ಯವಸ್ಥೆ ಸ್ವಚ್ಛ ಇತ್ತು ಅನ್ನೋ ಭ್ರಮೆ ಇರಲಿಲ್ಲ. ನೂರು ವರ್ಷ ಆದಮೇಲೆ, ಕ್ರೈಸ್ತರನ್ನು ಕೊಲ್ಲುತ್ತಿದ್ದ ಕಾಲದಲ್ಲೇ, ಜಸ್ಟಿನ್ ಅನ್ನೋ ವಿಶ್ವಾಸಿ ಚಕ್ರವರ್ತಿಗೆ ಒಂದು ಸಮರ್ಥನೆ ಬರೆದ. ಅದರಲ್ಲಿ ತೆರಿಗೆ ಕಟ್ಟೋದರಲ್ಲಿ ನಾವು ಎಲ್ಲರಿಗಿಂತ ಮುಂದೆ ಇದ್ದೀವಿ ಅನ್ನೋದನ್ನು ತಮ್ಮ ಪರವಾದ ವಾದವಾಗಿ ಇಟ್ಟ. ಆಮೇಲೆ ಅವನನ್ನೂ ಕೊಂದರು. ಹಾಗಂತ ಆ ವಾದ ಸುಳ್ಳಾಗಲಿಲ್ಲ.

ನಾನು ಇದನ್ನು ಹೀಗೆ ಅರ್ಥ ಮಾಡ್ಕೊಳ್ತೀನಿ. ಸರ್ಕಾರ ಒಳ್ಳೇದಾಗಿದ್ರೆ ಮಾತ್ರ ಸತ್ಯ ಹೇಳ್ತೀನಿ ಅಂದರೆ, ನನ್ನ ಸತ್ಯದ ಕೀಲಿಕೈ ಅವರ ಕೈಯಲ್ಲಿದೆ ಅಂತಾಯ್ತು. ಅವರು ಕೆಟ್ಟರೆ ನಾನೂ ಕೆಡ್ತೀನಿ. ಪೌಲನು ಅದೇ ಅಧ್ಯಾಯದಲ್ಲಿ ಶಿಕ್ಷೆಯ ಭಯಕ್ಕೆ ಮಾತ್ರ ಅಲ್ಲ, ಮನಸ್ಸಾಕ್ಷಿಯ ನಿಮಿತ್ತವಾಗಿ ಅಂತ ಹೇಳಿರೋದು ಇದಕ್ಕೇ ಇರಬೇಕು. ಗುಂಡಿ ಬಗ್ಗೆ ಕೂಗಿ, ಅರ್ಜಿ ಹಾಕಿ, ಮಾಹಿತಿ ಹಕ್ಕಲ್ಲಿ ಕೇಳಿ, ವೋಟ್ ಹಾಕಿ. ಲೆಕ್ಕ ಕೊಟ್ಟವನು ಲೆಕ್ಕ ಕೇಳಬಹುದು. ಇನ್ನೊಂದು ವಿಷಯ, ಕಿದ್ವಾಯಿಯಲ್ಲಿ, ನಿಮ್ಹಾನ್ಸ್‌ನಲ್ಲಿ, ವಿಕ್ಟೋರಿಯಾದಲ್ಲಿ ನಮ್ಮವರಿಗಾಗಿ ಪ್ರಾರ್ಥನೆ ಮಾಡೋಕೆ ಎಷ್ಟು ಸಲ ಹೋಗಿದ್ದೀವಿ? ಆ ಹಾಸಿಗೆಗಳು ಸೂಪರ್ ಚಾಟ್‌ನಿಂದ ಬಂದಿಲ್ಲ.

ಸಿಕ್ಕಿಬೀಳ್ತೀವಾ ಅಂತ ಕೇಳೋರಿಗೆ: ಹೌದು, ಸಿಕ್ಕಿಬೀಳಬಹುದು. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಎಐಎಸ್ ಅಂತ ಒಂದು ಪಟ್ಟಿ ಇರುತ್ತೆ. ಬ್ರ್ಯಾಂಡ್ ಹಿಡಿದ ಟಿಡಿಎಸ್, ಬ್ಯಾಂಕ್ ಬಡ್ಡಿ, ಎಷ್ಟೋ ವ್ಯವಹಾರಗಳು ಅಲ್ಲಿ ಮೊದಲೇ ಕೂತಿರುತ್ತವೆ. 2023ರ ಜೂನ್‌ನಲ್ಲಿ ಕೇರಳದಲ್ಲಿ ಹಲವು ಯೂಟ್ಯೂಬರ್‌ಗಳ ಮೇಲೆ ಇಲಾಖೆ ತಪಾಸಣೆ ಮಾಡಿತು. ಈಗಂತೂ ರಿಟರ್ನ್ ಫಾರ್ಮಿನಲ್ಲೇ ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್ ಅಂತ ವೃತ್ತಿಗೆ ಬೇರೆ ಕೋಡ್ ಬಂದಿದೆ. ಹಾಬಿ ಅಂತ ನೀನು ಹೇಳ್ತಿದ್ದೀಯ, ವೃತ್ತಿ ಅಂತ ಅವರು ಹೆಸರಿಟ್ಟೂ ಆಯ್ತು. ಆದರೆ ನಾನು ಈ ಭಯವನ್ನು ಮುಂದಿಟ್ಟು ಪ್ರಸಂಗ ಮಾಡಲ್ಲ. ಭಯದಿಂದ ಕಟ್ಟಿದವನು ಭಯ ಹೋದ ದಿನ ಬಿಡ್ತಾನೆ.

ಜಕ್ಕಾಯನಿಗೆ ಯಾರು ನೋಟಿಸ್ ಕೊಟ್ಟಿದ್ರು? ಯಾರೂ ಇಲ್ಲ. ಕರ್ತನು ಮನೆಗೆ ಬಂದ, ಇವನು ಎದ್ದು ನಿಂತು ಅನ್ಯಾಯವಾಗಿ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ನಮ್ಮ ಕಾನೂನಿನಲ್ಲೂ ಹಾಗೆ ತಾನಾಗಿ ಎದ್ದು ನಿಲ್ಲೋಕೆ ಒಂದು ಬಾಗಿಲಿದೆ, ಅಪ್‌ಡೇಟೆಡ್ ರಿಟರ್ನ್ ಅಂತ. 2022ರಲ್ಲಿ ಬಂತು, ಮೊದಲು ಎರಡು ವರ್ಷದ ಅವಕಾಶ ಇತ್ತು, 2025ರ ಏಪ್ರಿಲ್‌ನಿಂದ ನಾಲ್ಕು ವರ್ಷ. ಬಿಟ್ಟುಹೋದ ಆದಾಯ ತೋರಿಸಿ ತೆರಿಗೆ, ಬಡ್ಡಿ ಕಟ್ಟಿ, ಅದರ ಮೇಲೆ ಮೊದಲ ವರ್ಷದೊಳಗೆ ಆದರೆ ಶೇ. 25, ಎರಡನೇ ವರ್ಷ 50, ಮೂರನೇದು 60, ನಾಲ್ಕನೇದು 70 ಹೆಚ್ಚುವರಿ. ನಾಲ್ಕರಷ್ಟು ಯಾರೂ ಕೇಳ್ತಿಲ್ಲ. ತಡ ಮಾಡಿದಷ್ಟೂ ಭಾರ. ಇಲಾಖೆ ತಾನೇ ವಿಚಾರಣೆ ಶುರು ಮಾಡಿದರೆ ಈ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತೆ. ಇದರಲ್ಲಿ ರಿಫಂಡ್ ಕೇಳೋಕಾಗಲ್ಲ ಅನ್ನೋದೂ ನೆನಪಿರಲಿ.

ಕೆಲವರ ಮುಖ ನೋಡಿದರೆ ಈಗಲೇ ಮೊಬೈಲ್ ತೆಗೆದು ಲೆಕ್ಕ ಹಾಕ್ತಿದ್ದೀರಿ ಅನ್ಸುತ್ತೆ. ಹಾಕಿ, ತಪ್ಪಿಲ್ಲ. ಮುಂದಿನ ಭಾನುವಾರ ಎರಡನೇ ಆರಾಧನೆ ಆದಮೇಲೆ ಮೇಲಿನ ಹಾಲ್‌ನಲ್ಲಿ ನಮ್ಮ ಸಭೆಯ ಸಿಎ ಸಹೋದರ, ಸಹೋದರಿ ಕೂತಿರ್ತಾರೆ. ಬರುವಾಗ ಪ್ಯಾನ್, ಎಐಎಸ್ ಡೌನ್‌ಲೋಡ್ ಮಾಡಿದ ಪ್ರತಿ, ಏಪ್ರಿಲ್‌ನಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ. ಕೊರಿಯರ್‌ನಲ್ಲಿ ಬಂದು ನೀವು ಇಟ್ಟುಕೊಂಡ ವಸ್ತುಗಳದ್ದು ಒಂದು ಪಟ್ಟಿ ಮನೆಯಲ್ಲೇ ಕೂತು ಬರ್ಕೊಂಡು ಬನ್ನಿ. ಈಗ ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.